ಚಳಿಗಾಲಕ್ಕೆ ಟಿಕೆಟ್ ಯಾಕೆ?

ನಮ್ಮ ಕಡೆ ಡಿಸೆಂಬರ್ ಬಂತೆಂದರೆ ಜನ ಒಳಗೆ ಸೇರಿಕೊಳ್ಳುತ್ತಾರೆ. ಮಂಕಿ ಕ್ಯಾಪು, ಮಫ್ಲರು, ಮೂಗಿಗೆ ವಿಕ್ಸು, ಸಂಜೆ ಆರಕ್ಕೆ ಬಾಗಿಲು. ಕೇಳಿದರೆ, 'ಏನ್ ಚಳಿ ಕಣಪ್ಪ ಈ ವರ್ಷ' ಅನ್ನುತ್ತಾರೆ. ಯಾವ ಚಳಿ? ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೆ ಎಲ್ಲೇ ಆಗಲಿ, ಬೆಳಗಿನ ಜಾವದ ಉಷ್ಣಾಂಶ ಸಾಮಾನ್ಯವಾಗಿ 15-16 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಒಂಬತ್ತು ಗಂಟೆಗೆ ಬಿಸಿಲು ಬೆನ್ನಿಗೆ ಹಿತವಾಗಿ ತಾಗುತ್ತದೆ. ನಾರ್ವೆಯವರಿಗೆ ಇದನ್ನು ತೋರಿಸಿದರೆ ಬೇಸಿಗೆ ಎಂದುಕೊಂಡಾರು. ಆ ದೇಶದಲ್ಲಿ ಹಿಮ ಬಿದ್ದರೂ ಜನ ಹೊರಗೆ ನಡೆಯುತ್ತಾರೆ. 1957ರಲ್ಲೇ ಅವರು ಹೊರಾಂಗಣ ವಿಹಾರಕ್ಕೆಂದು ಕಾನೂನು ಮಾಡಿಕೊಂಡರು. ಕಾಡು, ಬೆಟ್ಟ, ಸಾಗುವಳಿ ಇಲ್ಲದ ಬಯಲುಗಳಲ್ಲಿ ಯಾರು ಬೇಕಾದರೂ ಕಾಲ್ನಡಿಗೆಯಲ್ಲಿ ತಿರುಗಾಡಬಹುದು ಎಂದು ಆ ಕಾನೂನು ಹೇಳುತ್ತದೆ. ಅಲ್ಲಿ ಹೊರಗಿರುವುದು ಹಕ್ಕು. ನಮ್ಮಲ್ಲಿ ಹೊರಗಿರುವುದು ಒಂದೋ ದುಡಿಮೆ, ಇಲ್ಲವೇ ಪೋಲಿತನ, ಅದೂ ಅಲ್ಲದಿದ್ದರೆ ಟಿಕೆಟ್ ಕೊಟ್ಟು ಮಾಡುವ ಮಜಾ.

ಈ ಮೂರನೆಯದರ ಮೇಲೆ ನನಗೆ ಜಗಳವಿದೆ. ನಮ್ಮ ನಾಲ್ಕು ತಾಲ್ಲೂಕುಗಳ ಜನ ಚಳಿಗಾಲದ ಮೂರು ತಿಂಗಳು ಹೊರಗೆ ಬಂದು ಹೊಸದೇನಾದರೂ ಮಾಡಬೇಕು ಅನ್ನುವವನು ನಾನು. ಆದರೆ ಆ ಹೊಸದು ಏನು, ಅದನ್ನು ಯಾರು ಯಾರಿಗಾಗಿ ಮಾಡುತ್ತಾರೆ ಎಂಬುದನ್ನು ಬೆಂಗಳೂರಿನ ಕಡತಗಳು ತೀರ್ಮಾನಿಸುವುದು ನನಗೆ ಒಪ್ಪಿಗೆಯಿಲ್ಲ.

ಮೊದಲು ಊರಿನ ಪಾರ್ಕುಗಳ ವಿಷಯ. ಈ ನಾಲ್ಕು ಪಟ್ಟಣಗಳಲ್ಲಿ ಒಂದರ ಉದ್ಯಾನ ನನಗೆ ಚೆನ್ನಾಗಿ ಗೊತ್ತು. ಯಾವುದೆಂದು ಹೇಳುವುದಿಲ್ಲ, ಹೇಳಿದರೆ ಉಳಿದ ಮೂರು ಊರಿನವರು ತಮ್ಮದು ಚೆನ್ನಾಗಿದೆ ಎಂದುಕೊಳ್ಳುವ ಅಪಾಯವಿದೆ. ಗೇಟಿನಲ್ಲಿ ಒಂದು ಬೋರ್ಡು: ಹೂ ಕೀಳಬಾರದು, ಹುಲ್ಲು ತುಳಿಯಬಾರದು, ಚೆಂಡಾಟ ಆಡಬಾರದು, ಸೈಕಲ್ ತರಬಾರದು, ಜೋರಾಗಿ ಮಾತಾಡಬಾರದು. ಏನು ಮಾಡಬಹುದು ಎಂದು ಒಂದೇ ಒಂದು ಸಾಲಿಲ್ಲ. ಒಳಗೆ ನೀಲಿ-ಹಳದಿ ಬಣ್ಣದ ವ್ಯಾಯಾಮದ ಕಬ್ಬಿಣಗಳಿವೆ. ಅರ್ಧಕ್ಕರ್ಧದ ಬೇರಿಂಗು ಹೋಗಿದೆ. ಬೆಳಿಗ್ಗೆ ವಾಕಿಂಗ್ ಬರುವ ಗಂಡಸರು ಗಡಿಯಾರದ ಮುಳ್ಳಿನ ಹಾಗೆ ಒಂದೇ ದಿಕ್ಕಿಗೆ ಸುತ್ತುತ್ತಾರೆ, ಡಾಕ್ಟರು ಹೇಳಿದಷ್ಟು ಸುತ್ತಾದ ಮೇಲೆ ಮನೆಗೆ ಹೋಗುತ್ತಾರೆ. ಮಕ್ಕಳಿಲ್ಲ. ಹೆಂಗಸರು ಬೆರಳೆಣಿಕೆ. ಬಡ ಕೂಲಿಯವರಂತೂ ಇಲ್ಲವೇ ಇಲ್ಲ. ಅವರು ಆ ಹೊತ್ತಿಗೆ ಕಬ್ಬು ಕಡಿಯಲು ಲಾರಿ ಹತ್ತಿರುತ್ತಾರೆ. ಇದನ್ನು ನಾವು ಸಾರ್ವಜನಿಕ ಉದ್ಯಾನ ಎಂದು ಕರೆಯುತ್ತೇವೆ.

ಇನ್ನೊಂದು ತುದಿಯಲ್ಲಿ ನಮ್ಮ ಜಿಲ್ಲೆಯ ದೊಡ್ಡ ಉದ್ಯಾನ, ಕನ್ನಂಬಾಡಿ ಕಟ್ಟೆಯ ಕೆಳಗಿನ ಬೃಂದಾವನ. ಅಣೆಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ. ಉದ್ಯಾನ 1932ರಲ್ಲಿ ಮುಗಿಯಿತು, ಮಿರ್ಜಾ ಇಸ್ಮಾಯಿಲ್ ಅವರ ಕನಸು ಅದು. ಅದರ ಚೆಲುವಿನ ಬಗ್ಗೆ ನನ್ನ ತಕರಾರಿಲ್ಲ. ಈಗ ಅದನ್ನು ಡಿಸ್ನಿಲ್ಯಾಂಡ್ ಮಾದರಿಯಲ್ಲಿ ಬೆಳೆಸುತ್ತೇವೆ ಎನ್ನುತ್ತಿದ್ದಾರೆ. 2024ರಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿದ ಆ ಯೋಜನೆಯ ಅಂದಾಜು 2,600 ಕೋಟಿ ರೂಪಾಯಿಗೂ ಮೇಲೆ, ಖಾಸಗಿಯವರ ಸಹಭಾಗಿತ್ವದಲ್ಲಿ. ಅದರ ಜೊತೆಗೆ ಗಂಗಾರತಿಯ ಮಾದರಿಯಲ್ಲಿ ಕಾವೇರಿ ಆರತಿ, ಅಂದಾಜು 92.30 ಕೋಟಿ. 2025ರ ಜೂನ್‌ನಲ್ಲಿ ಮಂಡ್ಯದ ರೈತರು ಎರಡನ್ನೂ ವಿರೋಧಿಸಿ ಬೀದಿಗಿಳಿದರು, ವಿಷಯ ಹೈಕೋರ್ಟಿನ ಮೆಟ್ಟಿಲನ್ನೂ ಹತ್ತಿತು. ಅಣೆಕಟ್ಟೆಯ ಸುರಕ್ಷತೆಯ ಬಗ್ಗೆ ಅವರಿಗಿದ್ದ ಆತಂಕ ಹೊಸದಲ್ಲ. ಬೇಬಿ ಬೆಟ್ಟದ ಕಲ್ಲು ಗಣಿಗಾರಿಕೆಯ ವಿರುದ್ಧ ವರ್ಷಗಟ್ಟಲೆ ಕೂಗಿದವರು ಅವರೇ.

ರೈತರ ವಾದಕ್ಕೆ ನನ್ನದೊಂದು ಚಿಕ್ಕ ಬಾಲಂಗೋಚಿ ಇದೆ. ಕಟ್ಟೆ ಗಟ್ಟಿಯಾಗೇ ಇರುತ್ತದೆ ಎಂದು ಒಂದು ಗಳಿಗೆ ಒಪ್ಪೋಣ. ಆಗಲೂ ಕೇಳಬೇಕಾದ ಪ್ರಶ್ನೆ ಉಳಿಯುತ್ತದೆ: ಕೆ.ಆರ್. ಪೇಟೆಯ ಒಂದು ಹಳ್ಳಿಯ ಎಂಟನೇ ಕ್ಲಾಸಿನ ಹುಡುಗಿ ಆ ಉದ್ಯಾನಕ್ಕೆ ಬದುಕಿನಲ್ಲಿ ಎಷ್ಟು ಸಲ ಹೋಗುತ್ತಾಳೆ? ಶಾಲೆಯ ಪ್ರವಾಸದಲ್ಲಿ ಒಂದು ಸಲ. ಮದುವೆಯಾದ ಹೊಸತರಲ್ಲಿ ಇನ್ನೊಂದು ಸಲ. ಬಣ್ಣದ ಕಾರಂಜಿ ನೋಡಿ, ನೂಕುನುಗ್ಗಲಲ್ಲಿ ಚಪ್ಪಲಿ ಕಳೆದುಕೊಂಡು ಬಸ್ ಹತ್ತುತ್ತಾಳೆ. ಅವಳ ಪಾಲಿನ ಹೊರಾಂಗಣ ಅಲ್ಲಿಗೆ ಮುಗಿಯಿತು. ಎರಡೂವರೆ ಸಾವಿರ ಕೋಟಿ ಖರ್ಚಾದರೂ ಆ ಲೆಕ್ಕ ಎರಡರಿಂದ ಮೂರಾಗುವುದಿಲ್ಲ. ಟಿಕೆಟ್ಟಿನ ಬೆಲೆ ಏರಿದರೆ ಒಂದಕ್ಕೆ ಇಳಿಯಬಹುದು.

ಹಾಗಾದರೆ ಹೊಸದು ಎಂದರೆ ಏನು? ಬರೀ ಬೈದು ಕೂರುವುದು ಸುಲಭ. ಅದಕ್ಕೇ ಹೋದ ಚಳಿಗಾಲದಲ್ಲಿ ನಾವು ಏಳೆಂಟು ಜನ ಸೇರಿ ಐದು ವಾರ ಐದು ಪ್ರಯೋಗ ಮಾಡಿದೆವು. ಒಬ್ಬರು ನಿವೃತ್ತ ಮೇಷ್ಟ್ರು, ಬಟ್ಟೆ ಹೊಲಿಯುವ ಒಬ್ಬ ಹೆಣ್ಣುಮಗಳು ಮತ್ತು ಅವಳ ಇಬ್ಬರು ಮಕ್ಕಳು, ಒಬ್ಬ ಆಟೊ ಚಾಲಕ, ಉಳಿದವರು ನಮ್ಮಂಥ ಬರೀ ಮಾತಿನವರು. ನಿಯಮ ಎರಡೇ: ಪ್ರವೇಶ ಶುಲ್ಕ ಇರುವ ಜಾಗ ಬೇಡ, ಒಬ್ಬರಿಗೆ ನೂರು ರೂಪಾಯಿಗಿಂತ ಹೆಚ್ಚು ಖರ್ಚು ಬೇಡ. ಒಂದು ಹಳೆಯ ಬೈನಾಕ್ಯುಲರ್ ಮೇಷ್ಟ್ರ ಹತ್ತಿರವೇ ಇತ್ತು.

ಮೊದಲನೆಯದು ಕುಂತಿ ಬೆಟ್ಟ. ಪಾಂಡವಪುರದವರಿಗೆ ಇದು ಕಿಟಕಿ ತೆಗೆದರೆ ಕಾಣುವ ಬೆಟ್ಟ. ಪಾಂಡವರು ಇಲ್ಲಿದ್ದರಂತೆ, ಕುಂತಿ ಇಲ್ಲಿ ಅಡುಗೆ ಮಾಡಿದ್ದಳಂತೆ. ಟಿಪ್ಪುವಿನ ನೆರವಿಗೆ ಬಂದ ಫ್ರೆಂಚ್ ಸೈನಿಕರು ಇದರ ಬುಡದಲ್ಲಿ ಬಿಡಾರ ಹೂಡಿದ್ದಕ್ಕೇ ಊರಿಗೆ ಒಂದು ಕಾಲಕ್ಕೆ ಫ್ರೆಂಚ್ ರಾಕ್ಸ್ ಎಂಬ ಹೆಸರಿತ್ತು. ಈಗ ಶನಿವಾರ ರಾತ್ರಿ ಬೆಂಗಳೂರಿನಿಂದ ಟೆಂಪೊ ಟ್ರಾವೆಲರ್‌ಗಳು ಬರುತ್ತವೆ. ತಲೆಗೆ ಟಾರ್ಚು ಕಟ್ಟಿಕೊಂಡ ಹುಡುಗ-ಹುಡುಗಿಯರು ಹತ್ತಿ, ಸೂರ್ಯೋದಯ ನೋಡಿ, ತೊಣ್ಣೂರು ಕೆರೆಯಲ್ಲಿ ಕಯಾಕಿಂಗ್ ಮಾಡಿ, ಮಧ್ಯಾಹ್ನಕ್ಕೆ ವಾಪಸ್ಸು. ಅವರು ಬರಲಿ, ನನಗೇನೂ ಹೊಟ್ಟೆಯುರಿಯಿಲ್ಲ. ಆದರೆ ನಮ್ಮ ಗುಂಪಿನ ಹೊಲಿಗೆಯ ಹೆಣ್ಣುಮಗಳು ಇದೇ ಊರಲ್ಲಿ ಹುಟ್ಟಿ ಬೆಳೆದವಳು, ಮೂವತ್ತೆಂಟು ವರ್ಷಕ್ಕೆ ಮೊದಲ ಸಲ ಬೆಟ್ಟದ ತುದಿಗೆ ಬಂದಳು. ಮೇಲೆ ಕೂತು ಅವಳು ನೋಡಿದ್ದು ಸೂರ್ಯನನ್ನಲ್ಲ, ತನ್ನ ಮನೆಯ ತಾರಸಿ ಎಲ್ಲಿದೆ ಎಂದು ಹುಡುಕಿದಳು. ಸಿಕ್ಕಿದ ಮೇಲೆ, 'ಇಷ್ಟೇ ಇಷ್ಟು ಐತಲ್ಲ' ಎಂದು ನಕ್ಕಳು. ನೂರು ಕಿಲೋಮೀಟರಿಗೂ ದೂರದಿಂದ ಜನ ದುಡ್ಡು ಕೊಟ್ಟು ಬರುವ ಬೆಟ್ಟಕ್ಕೆ ಊರಿನ ಹೆಂಗಸೊಬ್ಬಳು ಹತ್ತಲು ಮೂವತ್ತೆಂಟು ವರ್ಷ ಯಾಕೆ ಬೇಕಾಯಿತು ಎಂಬುದು ಪ್ರವಾಸೋದ್ಯಮದ ಯಾವ ವರದಿಯಲ್ಲೂ ಬರುವುದಿಲ್ಲ.

ಎರಡನೆಯದು ಹಕ್ಕಿ. ರಂಗನತಿಟ್ಟು ನಮ್ಮ ಹೆಮ್ಮೆ ನಿಜ. 1640ರ ದಶಕದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಕಾವೇರಿಗೆ ಕಟ್ಟಿದ ಅಡ್ಡಕಟ್ಟೆಯಿಂದ ಆ ನಡುಗಡ್ಡೆಗಳು ಹುಟ್ಟಿದವು. ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವಾಯಿತು. 2022ರಲ್ಲಿ ಕರ್ನಾಟಕದ ಮೊದಲ ರಾಮ್ಸರ್ ತಾಣವೂ ಆಯಿತು. ಆದರೆ ನಮ್ಮ ನಿಯಮದ ಪ್ರಕಾರ ಟಿಕೆಟ್ ಇರುವ ಜಾಗ ಬೇಡವಲ್ಲ, ಹಾಗಾಗಿ ಶ್ರೀರಂಗಪಟ್ಟಣದ ಆಚೆ ಭತ್ತ ಕೊಯ್ದ ಗದ್ದೆಯ ಬದುವಿನ ಮೇಲೆ ಕೂತೆವು. ಎರಡು ಗಂಟೆಯಲ್ಲಿ ಬಾಯ್ಕಳಕ, ಬಣ್ಣದ ಕೊಕ್ಕರೆ, ಬಾಲ ಕುಣಿಸುವ ಕುಂಡೆಕುಸ್ಕ, ಮಿಂಚುಳ್ಳಿ. ಮಕ್ಕಳು ಬರೆದುಕೊಂಡ ಪಟ್ಟಿ ಇಪ್ಪತ್ತು ದಾಟಿತು. ಕುಂಡೆಕುಸ್ಕಗಳಲ್ಲಿ ಕೆಲವು ಜಾತಿ ಹಿಮಾಲಯವನ್ನೂ ದಾಟಿ ಬಂದವು ಎಂದು ಮೇಷ್ಟ್ರು ಹೇಳಿದಾಗ ಚಿಕ್ಕವನು, 'ಅಷ್ಟು ದೂರದಿಂದ ನಮ್ಮ ಗದ್ದೆಗಾ?' ಅಂದ. ಮನುಷ್ಯರು ಚಳಿಗೆ ಒಳಗೆ ಸೇರಿಕೊಳ್ಳುವ ತಿಂಗಳಲ್ಲಿ, ಚಳಿ ತಾಳಲಾರದ ಹಕ್ಕಿಗಳು ಹಿತವಾದ ಜಾಗವೆಂದು ಆರಿಸಿಕೊಂಡು ನಮ್ಮೂರಿಗೆ ಬರುತ್ತವೆ.

ಮೂರನೆಯದು ಸೈಕಲ್, ನಾಲೆಯ ಏರಿಯ ಮೇಲೆ. ನಾಲ್ಕನೆಯದಕ್ಕೆ ನಾಗಮಂಗಲದ ಕಡೆ ಹೋದೆವು. ನಾಲೆಯ ನೀರಿನ ಭಾಗ್ಯ ಅಷ್ಟಾಗಿ ಇಲ್ಲದ ತಾಲ್ಲೂಕು, ಹಾಗಾಗಿ ಪ್ರವಾಸೋದ್ಯಮದ ಕಣ್ಣಿಗೂ ಅಷ್ಟಾಗಿ ಬೀಳದ ತಾಲ್ಲೂಕು. ಕಂಬದಹಳ್ಳಿಯ ಪಂಚಕೂಟ ಬಸದಿಯವರೆಗೆ ಹೊಲದ ದಾರಿಯಲ್ಲಿ ನಡೆದೆವು. ದಾರಿಯುದ್ದಕ್ಕೂ ಹುರುಳಿ, ರಾಗಿಯ ಒಕ್ಕಣೆ, ಅವರೆಯ ಸೊಗಡು. ಕಣದಲ್ಲಿದ್ದ ಒಬ್ಬ ಅಜ್ಜಿ ಬೆಂಕಿಯಲ್ಲಿ ಸುಟ್ಟ ಅವರೆಕಾಯಿ ಕೊಟ್ಟು, 'ಯಾವೂರ್ರಪ್ಪ, ಯಾಕ್ ಹಿಂಗ್ ನಡ್ಕೊಂಡ್ ಬಂದ್ರಿ, ಬಸ್ಸು ಕೆಟ್ಟೋಯ್ತಾ?' ಎಂದು ಕೇಳಿದಳು. ಸುಮ್ಮನೆ ನಡೆಯಲು ಬಂದೆವು ಎಂದರೆ ನಂಬಲಿಲ್ಲ. ಅವಳ ತಪ್ಪಲ್ಲ ಅದು. ಅವಳ ಆಯುಷ್ಯದಲ್ಲಿ ಯಾರೂ ಸುಮ್ಮನೆ ನಡೆದಿಲ್ಲ.

ಐದನೆಯದು ರಾತ್ರಿ. ಡಿಸೆಂಬರ್ 13-14ರ ಸುಮಾರಿಗೆ ಮಿಥುನ ರಾಶಿಯ ಉಲ್ಕಾಪಾತ ಉತ್ತುಂಗದಲ್ಲಿರುತ್ತದೆ. ಮೇಲುಕೋಟೆಯ ಬೆಟ್ಟದ ಕಡೆ, ದೀಪ ಕಾಣದ ಒಂದು ಬಂಡೆಯ ಮೇಲೆ ಕಂಬಳಿ ಹೊದ್ದು ಮಲಗಿದೆವು. ಕೃತ್ತಿಕೆ, ರೋಹಿಣಿ, ನಡುಪಟ್ಟಿ ಕಟ್ಟಿದ ಮಹಾವ್ಯಾಧ, ಅವನ ಹಿಂದೆ ಲುಬ್ಧಕ. ನಮ್ಮ ಅಜ್ಜ ಗಡಿಯಾರವಿಲ್ಲದೆ ಇವನ್ನು ನೋಡಿಯೇ ನೀರು ಕಟ್ಟಲು ಏಳುತ್ತಿದ್ದ. ಮಕ್ಕಳು ಹದಿನೇಳು ಉಲ್ಕೆ ಎಣಿಸಿದರು, ಆಟೊ ಚಾಲಕ ಹತ್ತೊಂಬತ್ತು ಎಂದು ಜಗಳವಾಡಿದ. ಆಕಾಶದ ಒಂದು ಮೂಲೆಯಲ್ಲಿ ಮಾತ್ರ ಊರಿನ ದೀಪಗಳ ಮಂಕು ಬೆಳಕು ಮೇಲೆದ್ದಿತ್ತು. ಆ ಮೂಲೆಯಲ್ಲಿ ನಕ್ಷತ್ರಗಳಿರಲಿಲ್ಲ. ಲೇಸರ್ ಪ್ರದರ್ಶನ, ದೀಪದ ಗೋಪುರ ಬರಲಿರುವ ನಾಡಿನಲ್ಲಿ ಆ ಮೂಲೆ ಎಷ್ಟು ಅಗಲವಾದೀತು ಎಂಬ ಲೆಕ್ಕವನ್ನು ಯಾರಾದರೂ ಹಾಕಿದ್ದಾರೆಯೆ?

ಇದೆಲ್ಲ ಹೇಳಿದ್ದು ನಮ್ಮ ಐದು ವಾರಗಳ ಹಿರಿಮೆ ಕೊಚ್ಚಲಿಕ್ಕಲ್ಲ. ನಮ್ಮಲ್ಲಿ ಜಾಗಗಳಿಗೆ ಬಡತನವಿಲ್ಲ, ಅಲ್ಲಿಗೆ ಹೋಗಲು ರೂಢಿ, ಜೊತೆ, ಧೈರ್ಯ ಇಲ್ಲ. ಸರ್ಕಾರ ಕಟ್ಟಬೇಕಾದ್ದು ಆ ರೂಢಿಯನ್ನು. ಕಟ್ಟುತ್ತಿರುವುದು ಗೇಟುಗಳನ್ನು.

ಹೆಂಗಸರ ಮಾತನ್ನು ಇಲ್ಲಿ ಬೇರೆಯಾಗೇ ಆಡಬೇಕು. ಧನುರ್ಮಾಸದಲ್ಲಿ ನಸುಕಿಗೆ ಎದ್ದು ಅಂಗಳ ಸಾರಿಸಿ ರಂಗೋಲಿ ಇಡುವವರು ಅವರು. ಕಬ್ಬಿನ ಗದ್ದೆಯಲ್ಲಿ, ಕಣದಲ್ಲಿ, ಹಾಲಿನ ಡೇರಿಯ ಸಾಲಿನಲ್ಲಿ ಚಳಿಗೆ ನಡುಗುತ್ತ ನಿಲ್ಲುವವರೂ ಅವರು. ಅಂದರೆ ನಮ್ಮ ನಾಡಿನ ಚಳಿಗಾಲದ ಹೊರಾಂಗಣವನ್ನು ಹೆಚ್ಚು ಬಲ್ಲವರು ಹೆಂಗಸರೇ. ಆದರೆ ಕೆಲಸವಿಲ್ಲದೆ ಹೊರಗಿರುವ ಹಕ್ಕು ಮಾತ್ರ ಅವರಿಗಿಲ್ಲ. ಕೈಯಲ್ಲಿ ಕೊಡವೋ ಕುಡುಗೋಲೋ ಪೂಜೆಯ ತಟ್ಟೆಯೋ ಇದ್ದರೆ ಸರಿ, ಬರಿಗೈಯಲ್ಲಿದ್ದರೆ ಊರು ಕೇಳುತ್ತದೆ, 'ಎತ್ಲಾಗೆ?' ಎಂದು. ಡಿಸ್ನಿಲ್ಯಾಂಡ್ ಈ ಪ್ರಶ್ನೆಯನ್ನು ನಿಲ್ಲಿಸುವುದಿಲ್ಲ. ಊರಿನ ಪಾರ್ಕಿನಲ್ಲಿ ವಾರಕ್ಕೆರಡು ಬೆಳಿಗ್ಗೆ ಹೆಂಗಸರಿಗೆಂದೇ ಥ್ರೋಬಾಲ್ ಬಲೆ ಕಟ್ಟಿದರೆ, ಒಂದು ತಿಂಗಳಲ್ಲಿ ಆ ಪ್ರಶ್ನೆಯ ದನಿ ಸಣ್ಣಗಾಗುತ್ತದೆ.

ಇನ್ನು ನೀರು. 2018ರ ನವೆಂಬರ್ 24. ಪಾಂಡವಪುರದಿಂದ ಮಂಡ್ಯಕ್ಕೆ ಹೊರಟ ಖಾಸಗಿ ಬಸ್ಸು ಕನಗನಮರಡಿಯ ಬಳಿ ವಿಶ್ವೇಶ್ವರಯ್ಯ ನಾಲೆಗೆ ಉರುಳಿತು. ಮೂವತ್ತು ಜನ ಹೋದರು. ಶನಿವಾರದ ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಅವರಲ್ಲಿದ್ದರು. ಈಜು ಬಂದಿದ್ದರೆ ಉಳಿಯುತ್ತಿದ್ದರು ಎಂದು ಹೇಳಿದರೆ ಸುಳ್ಳಾದೀತು. ಮಗುಚಿದ ಬಸ್ಸಿನೊಳಗೆ ಈಜು ಏನು ಮಾಡೀತು? ಅಲ್ಲಿ ಬೇಕಿದ್ದದ್ದು ತಡೆಗೋಡೆ. ಆದರೆ ಆ ದಿನ ಒಂದು ವಿಷಯವನ್ನು ಕಣ್ಣಿಗೆ ಹೊಡೆದಂತೆ ತೋರಿಸಿತು: ಕಾವೇರಿ, ಹೇಮಾವತಿ, ಲೋಕಪಾವನಿ, ನಾಲೆ, ಕೆರೆ ಎಂದು ನೀರಿನ ನಡುವೆಯೇ ಬದುಕುವ ನಾವು ನೀರಿನ ಬಗ್ಗೆ ಮಕ್ಕಳಿಗೆ ಕಲಿಸಿರುವುದು ಹೆದರಿಕೆ ಒಂದನ್ನೇ. ಹೆದರಿಕೆ ಕಲಿತ ಹುಡುಗ ಕದ್ದು ಹೋಗಿ ನಾಲೆಗೆ ಇಳಿಯುತ್ತಾನೆ. ಹುಡುಗಿಗಂತೂ ಕದ್ದು ಹೋಗುವ ಅವಕಾಶವೂ ಇಲ್ಲ, ಬಟ್ಟೆ ಒಗೆಯುವಾಗ ಕಾಲು ಜಾರಿದರೆ ಮುಗಿಯಿತು. ಶಾಲಾ ವಯಸ್ಸಿನ ಮಕ್ಕಳಿಗೆ ಈಜು ಮತ್ತು ನೀರಿನ ಸುರಕ್ಷತೆ ಕಲಿಸುವುದು ಮುಳುಗುವ ಸಾವುಗಳನ್ನು ತಡೆಯುವ ದಾರಿಗಳಲ್ಲಿ ಒಂದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಲೇ ಇದೆ. ನಮ್ಮಲ್ಲಿ ಜನವರಿಯ ಮಧ್ಯಾಹ್ನದ ಬಿಸಿಲು ಅದಕ್ಕೆ ಹೇಳಿ ಮಾಡಿಸಿದಂತಿದೆ. ಎದೆಮಟ್ಟದ ಒಂದು ಕೊಳ, ಇಬ್ಬರು ತರಬೇತುದಾರರು, ಅವರಲ್ಲಿ ಒಬ್ಬರು ಹೆಂಗಸು. ಚಳಿಗಾಲದ ಹೊಸ ಹೊರಾಂಗಣ ಚಟುವಟಿಕೆ ಎಂದು ಸರ್ಕಾರ ಯಾವುದಕ್ಕಾದರೂ ಹಣ ಹಾಕುವುದಿದ್ದರೆ ನನ್ನ ಮೊದಲ ಓಟು ಇದಕ್ಕೆ.

ಹಣ ಎಲ್ಲಿಂದ ಎನ್ನುತ್ತೀರಿ. ಡಿಸ್ನಿಲ್ಯಾಂಡ್ ದುಡ್ಡು ಖಾಸಗಿಯವರದು, ಅದನ್ನು ಈಜುಕೊಳಕ್ಕೆ ತಿರುಗಿಸಲಾಗದು, ಒಪ್ಪಿದೆ. ಆರತಿಯ 92.30 ಕೋಟಿಯ ಅಂದಾಜನ್ನು ಮಾತ್ರ ತೆಗೆದುಕೊಳ್ಳಿ. ಅದರ ಹತ್ತನೇ ಒಂದು ಭಾಗ 9.23 ಕೋಟಿ. ನಾಲ್ಕು ತಾಲ್ಲೂಕಿಗೆ ಹಂಚಿದರೆ ತಲಾ 2.30 ಕೋಟಿ. ನದಿಗೆ ದೀಪ ಎತ್ತುವ ಭಕ್ತಿಯನ್ನು ನಾನು ಹೀಗಳೆಯುವುದಿಲ್ಲ. ಸಂಕ್ರಾಂತಿಗೆ ಶ್ರೀರಂಗಪಟ್ಟಣದ ರಂಗನಾಥನ ಗುಡಿಯಲ್ಲಿ ಲಕ್ಷದೀಪ ಹಚ್ಚಲು ಸಾವಿರಾರು ಕೈಗಳು ತಾವಾಗಿ ಬರುತ್ತವೆ. ಆದರೆ ನದಿಯಲ್ಲಿ ಮಗು ಮುಳುಗದಂತೆ ನೋಡಿಕೊಳ್ಳುವುದೂ ನದಿಯ ಪೂಜೆಯೇ.

ಎದುರುವಾದಗಳಿಗೆ ಬರೋಣ. ಒಂದು, ಚಿರತೆ. ಇದನ್ನು ನಗೆಯಾಡುವಂತಿಲ್ಲ. 2022ರ ನವೆಂಬರ್‌ನಲ್ಲಿ ಬೃಂದಾವನ ಉದ್ಯಾನದಲ್ಲೇ ಚಿರತೆ ಕಾಣಿಸಿಕೊಂಡು ವಾರಗಟ್ಟಲೆ ಗೇಟು ಮುಚ್ಚಿದ್ದರು. ಕಬ್ಬು ಕಟಾವಿನ ಕಾಲದಲ್ಲಿ ಗದ್ದೆಯಲ್ಲಿದ್ದ ಚಿರತೆ ಮರಿಗಳ ಸಮೇತ ಹೊರಬೀಳುತ್ತದೆ. ಹಾಗಾಗಿಯೇ ಒಂಟಿಯಾಗಿ ಅಲ್ಲ, ಗುಂಪಾಗಿ ಹೋಗಬೇಕು, ಬೆಳಕು ಹರಿದ ಮೇಲೆ ಹೊರಡಬೇಕು, ಅರಣ್ಯ ಇಲಾಖೆಯವರು ಯಾವ ದಾರಿ ಬೇಡವೆಂದು ಬರೆದು ಹಾಕಬೇಕು. ಚಿರತೆ ಇದೆ ಎಂದು ಕೂಲಿಯವರನ್ನು ಯಾರೂ ಗದ್ದೆಯಿಂದ ತಡೆದಿಲ್ಲ, ನೆನಪಿರಲಿ. ದುಡಿಯುವಾಗ ಇಲ್ಲದ ಚಿರತೆ ಆಡುವಾಗ ಮಾತ್ರ ಬರುತ್ತದೆಯೇ?

ಎರಡು, ಉದ್ಯೋಗ. ದೊಡ್ಡ ಉದ್ಯಾನದಿಂದ ನಮ್ಮ ಹುಡುಗರಿಗೆ ಕೆಲಸ ಸಿಗುತ್ತದೆ ಎನ್ನುತ್ತಾರೆ. ಸಿಗಬಹುದು. ಟಿಕೆಟ್ ಹರಿಯುವ, ಪಾರ್ಕಿಂಗ್ ಕಾಯುವ, ಸಮವಸ್ತ್ರ ತೊಟ್ಟು ಸೆಲ್ಯೂಟ್ ಹೊಡೆಯುವ ಕೆಲಸ. ಕುಂತಿ ಬೆಟ್ಟ, ಕರಿಘಟ್ಟ, ಮೇಲುಕೋಟೆ, ಹೇಮಗಿರಿಗಳಿಗೆ ಊರಿನ ಹುಡುಗ-ಹುಡುಗಿಯರನ್ನೇ ಮಾರ್ಗದರ್ಶಿಗಳಾಗಿ ತಯಾರು ಮಾಡಿದರೂ ಕೆಲಸ ಸಿಗುತ್ತದೆ. ಆಗ ಕಥೆ ಹೇಳುವವರು ಅವರು, ಬೆಟ್ಟದ ಮೇಲಿನ ಪ್ಲಾಸ್ಟಿಕ್ ನೋಡಿ ಸಿಟ್ಟಾಗುವವರೂ ಅವರೇ.

ಮೂರು, ಹಳ್ಳಿಯವರಿಗೆ ಇದೆಲ್ಲ ಯಾಕೆ, ಅವರಿಗೆ ಮೈಮುರಿಯುವಷ್ಟು ಕೆಲಸವಿದೆಯಲ್ಲ ಎಂಬುದು. ಇದನ್ನು ಹೇಳುವವರು ಈಚೆಗೆ ಹಳ್ಳಿ ನೋಡಿಲ್ಲ. ಉಳುವುದು ಟ್ರ್ಯಾಕ್ಟರು, ಭತ್ತ ಕೊಯ್ಯುವುದು ಮಿಷನ್ನು, ಮಕ್ಕಳ ಕೈಯಲ್ಲಿ ಮೊಬೈಲು. ಸಕ್ಕರೆ ಕಾಯಿಲೆ ಊರಿನ ಎಲ್ಲೆ ದಾಟಿ ತೋಟದ ಮನೆಗೂ ಬಂದಿದೆ. ಕೂಲಿ ಮಾಡುವವರ ಮೈ ನಿಜಕ್ಕೂ ದಣಿದಿರುತ್ತದೆ, ಆದರೆ ದಣಿವು ಆಟವಲ್ಲ. ಹೇಮಗಿರಿಯ ದನಗಳ ಜಾತ್ರೆಯಲ್ಲಿ ಎತ್ತಿನ ಜೊತೆ ಮೈಲುಗಟ್ಟಲೆ ನಡೆದು ಬಂದವರು ಸಂಜೆ ಬೆಂಕಿ ಹಾಕಿಕೊಂಡು ಹಾಡು ಕಟ್ಟುತ್ತಿದ್ದರು. ಸಂಕ್ರಾಂತಿಯ ಸಂಜೆ ದನಗಳಿಗೆ ಕಿಚ್ಚು ಹಾಯಿಸಿದ ಮೇಲೆ ಊರೇ ಬಯಲಲ್ಲಿ ನಿಲ್ಲುತ್ತಿತ್ತು. ದುಡಿದವರಿಗೆ ಆಟ ಬೇಕಾಗಿತ್ತು, ಆಡುತ್ತಿದ್ದರು. ಈಗ ಆ ಹೊತ್ತನ್ನು ಧಾರಾವಾಹಿ ತೆಗೆದುಕೊಂಡಿದೆ.

ಕೊನೆಗೆ, ಕೇಳುವುದನ್ನು ನೇರವಾಗಿ ಕೇಳಿಬಿಡುತ್ತೇನೆ. ನಾಲ್ಕು ಪಟ್ಟಣಗಳ ಪಾರ್ಕುಗಳ ಗೇಟು ಡಿಸೆಂಬರ್‌ನಿಂದ ಶಿವರಾತ್ರಿವರೆಗೆ ಬೆಳಿಗ್ಗೆ ಆರರಿಂದ ರಾತ್ರಿ ಎಂಟರವರೆಗೆ ತೆರೆದಿರಲಿ. ಬೋರ್ಡಿನ ಮೇಲೆ ಬಾರದುಗಳ ಜೊತೆಗೆ ಬಹುದುಗಳನ್ನೂ ಬರೆಯಲಿ. ಹುಲ್ಲಿನ ಒಂದು ಪಾಲು ಚೆಂಡಿಗೆ, ಒಂದು ಪಾಲು ಹೆಂಗಸರ ಆಟಕ್ಕೆ ಮೀಸಲಿರಲಿ. ರಂಗನತಿಟ್ಟಿನಲ್ಲಿ ಈ ತಾಲ್ಲೂಕುಗಳ ಸರ್ಕಾರಿ ಶಾಲೆಯ ಪ್ರತಿ ಮಗುವಿಗೂ ವರ್ಷಕ್ಕೊಂದು ಬೆಳಿಗ್ಗೆ ಬಿಟ್ಟಿಯಾಗಿ ಸಿಗಲಿ, ಕೈಗೊಂದು ಬೈನಾಕ್ಯುಲರ್ ಕೊಡಲಿ. ನಾಲೆಯ ಏರಿಗೆ ಮೊದಲು ತಡೆಗೋಡೆ, ಆಮೇಲೆ ಸೈಕಲ್ ದಾರಿ. ತಾಲ್ಲೂಕಿಗೊಂದು ಎದೆಮಟ್ಟದ ಈಜುಕೊಳ. ಮೇಲುಕೋಟೆಯ ಸುತ್ತ ಒಂದಿಷ್ಟು ಕತ್ತಲೆಯನ್ನು ಕತ್ತಲೆಯಾಗಿಯೇ ಬಿಡಲಿ, ಅದಕ್ಕೆ ಖರ್ಚೇ ಇಲ್ಲ.

ಇದಿಷ್ಟು ಆದ ಮೇಲೂ ದುಡ್ಡು ಮಿಕ್ಕಿದರೆ ಡಿಸ್ನಿಲ್ಯಾಂಡ್ ವಿಷಯ ಮಾತಾಡೋಣ. ಅಲ್ಲಿಯವರೆಗೆ ಸರ್ಕಾರವನ್ನು ಕಾಯುವ ಅಗತ್ಯ ನಿಮಗಿಲ್ಲ. ಈ ಭಾನುವಾರ ಮಂಕಿ ಕ್ಯಾಪು ಹಾಕಿಕೊಂಡೇ ಹೊರಗೆ ಬನ್ನಿ, ಮನೆಯ ಹೆಂಗಸರನ್ನು ಮುಂದೆ ಬಿಟ್ಟು ನೀವು ಹಿಂದೆ ನಡೆಯಿರಿ. ಯಾರಾದರೂ 'ಎತ್ಲಾಗೆ?' ಎಂದು ಕೇಳಿದರೆ, ಸುಮ್ಮನೆ ಎಂದು ಹೇಳಿ.